ನದಿಗೆ ಬೆನ್ನು ಹಾಕಿದ ಪೇಟೆಗಳು

ಈಜಿಪ್ಟಿನ ನಕ್ಷೆಯಲ್ಲಿ ಊರು ಹುಡುಕುವುದು ಸುಲಭ. ನೈಲ್ ನದಿಯ ಗೆರೆಯ ಮೇಲೆ ಬೆರಳಿಟ್ಟು ದಕ್ಷಿಣದಿಂದ ಉತ್ತರಕ್ಕೆ ಎಳೆಯುತ್ತ ಹೋದರೆ ಅಸ್ವಾನ್, ಲಕ್ಸರ್, ಅಸ್ಯೂತ್, ಕೈರೊ ಸಾಲಾಗಿ ಸಿಗುತ್ತವೆ. ಬೆರಳು ಅತ್ತಿತ್ತ ಜಾರಿದರೆ ಬರೀ ಮರಳು. ಅಲ್ಲಿ ನದಿ ವರ್ಷಕ್ಕೊಮ್ಮೆ ಉಕ್ಕಿ ಹೊಲಗಳ ಮೇಲೆ ಹೊಸ ಮಣ್ಣು ಹಾಸಿ ಹೋಗುತ್ತಿತ್ತು. ಕೆಳಕ್ಕೆ ಹೋಗುವ ದೋಣಿಯನ್ನು ಹರಿವು ಒಯ್ಯುತ್ತಿತ್ತು, ಮೇಲಕ್ಕೆ ಬರುವ ದೋಣಿಯ ಹಾಯಿಗೆ ಉತ್ತರದ ಗಾಳಿ ತುಂಬುತ್ತಿತ್ತು. ಅನ್ನವೂ ದಾರಿಯೂ ಒಂದೇ ನೀರಿನಲ್ಲಿ ಇದ್ದ ಮೇಲೆ ಜನ ಬೇರೆ ಕಡೆ ಯಾಕೆ ಊರು ಕಟ್ಟಿಯಾರು?

ಅದೇ ಬೆರಳನ್ನು ಈಗ ಕೃಷ್ಣೆಯ ಮೇಲೆ ಇಡಿ. ತಂಗಿಡಿಯ ಹತ್ತಿರ ಕೃಷ್ಣೆ ತೆಲಂಗಾಣದ ನೆಲ ಮುಟ್ಟುತ್ತದೆ, ಭೀಮೆಯನ್ನು ಕೂಡಿಸಿಕೊಳ್ಳುತ್ತದೆ, ರಾಯಚೂರನ್ನು ಬಲಕ್ಕೆ ಬಿಟ್ಟು ಜುರಾಲದ ಕಡೆ ಸಾಗುತ್ತದೆ. ಇಷ್ಟು ದೊಡ್ಡ ನದಿಯ ಆಸುಪಾಸಿನಲ್ಲಿ ನಾರಾಯಣಪೇಟೆ, ಮಕ್ತಲ್, ನಾರ್ವ, ಗದ್ವಾಲ ಇವೆ. ಒಂದಾದರೂ ದಂಡೆಯ ಮೇಲಿಲ್ಲ. ಗದ್ವಾಲಕ್ಕೆ ನದಿ ಕೆಲವೇ ಮೈಲಿ, ಆದರೂ ಊರು ಅತ್ತ ಮುಖ ಮಾಡಿಲ್ಲ. ನಾರಾಯಣಪೇಟೆಯಂತೂ ನದಿಯ ಗೊಡವೆಯೇ ಬೇಡವೆಂಬಂತೆ ಬಡಗಲಿಗೆ, ಬಂಡೆಗುಡ್ಡಗಳ ನಡುವೆ ಹೋಗಿ ಕೂತಿದೆ.

ಕಾರಣ ನದಿಯ ಪಾತ್ರದಲ್ಲೇ ಇದೆ. ಇಲ್ಲಿನ ಕೃಷ್ಣೆ ಬಂಡೆಗಳ ಮೇಲೆ ಹರಿಯುವ ನದಿ. ಮಳೆಗಾಲದಲ್ಲಿ ಮಹಾರಾಷ್ಟ್ರದ ಘಟ್ಟದ ನೀರನ್ನೆಲ್ಲ ಹೊತ್ತು ತಂದು ಎದೆ ನಡುಗಿಸುತ್ತದೆ. ಬೇಸಿಗೆಯಲ್ಲಿ ಬಂಡೆಗಳ ಸಂದಿನಲ್ಲಿ ಮಡುಗಳಾಗಿ ಉಳಿಯುತ್ತದೆ. ಹೊಲ ಮೇಲೆ, ನೀರು ಕೆಳಗೆ. ದೊಡ್ಡ ದೋಣಿಗಳು ಸರಕು ಹೊತ್ತು ಸಾಗುವ ಮಾತೇ ಇರಲಿಲ್ಲ, ಹರಿಗೋಲಿನಲ್ಲಿ ಈ ದಡದಿಂದ ಆ ದಡಕ್ಕೆ ದಾಟಿದರೆ ಮುಗಿಯಿತು. ಹಾಗಾಗಿ ಈ ಸೀಮೆಯ ಜನ ನದಿಯನ್ನು ನಂಬದೆ ಕೆರೆಯನ್ನೂ ಬಾವಿಯನ್ನೂ ನಂಬಿದರು. ಜೋಳ, ತೊಗರಿ, ಶೇಂಗಾ, ಹತ್ತಿಯ ಈ ಒಣಬೇಸಾಯದ ನಾಡಿನಲ್ಲಿ ಊರಿಗೆ ಬೇಕಾದದ್ದು ಕುಡಿಯುವ ನೀರಿನ ಒಂದು ಗಟ್ಟಿ ಬಾವಿ. ನಾರಾಯಣಪೇಟೆಯ ಬಾರಂ ಬಾವಿಯ ಮೆಟ್ಟಿಲುಗಳನ್ನೂ ಕಮಾನುಗಳನ್ನೂ ನೋಡಿದವರಿಗೆ ಆ ಊರು ನೀರಿಗಾಗಿ ಎಷ್ಟು ಕಲ್ಲು ಕಡಿದಿದೆ ಎಂದು ಬೇರೆ ಹೇಳಬೇಕಿಲ್ಲ.

ಹಾಗಾದರೆ ದಂಡೆಯ ಮೇಲೆ ಇದ್ದದ್ದೇನು? ಕೃಷ್ಣಾ ಮಂಡಲದ ಮುಡುಮಾಲದಲ್ಲಿ ಮೂರು ಸಾವಿರ ವರ್ಷಕ್ಕೂ ಹಿಂದಿನ ನಿಲುವುಗಲ್ಲುಗಳಿವೆ. ಹತ್ತರಿಂದ ಹದಿನಾಲ್ಕು ಅಡಿ ಎತ್ತರದ ಕಲ್ಲುಗಳೇ ಎಂಬತ್ತರಷ್ಟು. 2025ರಲ್ಲಿ ಭಾರತ ಈ ತಾಣವನ್ನು ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೆ ಸೇರಿಸಿತು. ಅಷ್ಟು ಕಲ್ಲು ಎತ್ತಿ ನಿಲ್ಲಿಸಲು ಎಷ್ಟು ಕೈ ಬೇಕಾದವೋ. ಆ ಕೈಗಳು ಪಟ್ಟಣವನ್ನಂತೂ ಕಟ್ಟಲಿಲ್ಲ. ಕೆಳಗೆ ನಡುನೀರಿನ ದ್ವೀಪದಲ್ಲಿ ಸಂತ ಶ್ರೀಪಾದ ಶ್ರೀವಲ್ಲಭರ ಕುರವಪುರ, ಅದಕ್ಕೆ ಮಕ್ತಲದ ಪಂಚದೇವಪಹಾಡದ ಕಡೆಯಿಂದಲೂ ರಾಯಚೂರಿನ ಆತ್ಕೂರಿನ ಕಡೆಯಿಂದಲೂ ನೀರು ದಾಟಿಯೇ ಹೋಗಬೇಕು. ಇನ್ನೂ ಕೆಳಗೆ, ತುಂಗಭದ್ರೆಯ ದಂಡೆಯಲ್ಲಿ, ಬಾದಾಮಿ ಚಾಲುಕ್ಯರು ಕಟ್ಟಿದ ಆಲಂಪುರದ ನವಬ್ರಹ್ಮ ಗುಡಿಗಳು. ಹೊಳೆದಂಡೆಯನ್ನು ಈ ಸೀಮೆ ಸತ್ತವರಿಗೂ ಸಂತರಿಗೂ ದೇವರಿಗೂ ಬಿಟ್ಟುಕೊಟ್ಟು, ಬದುಕುವವರನ್ನು ದೂರ ಇಟ್ಟಿತು. ನದಿಯ ಪಕ್ಕದಲ್ಲೇ ಬೆಳೆದ ಆಲಂಪುರ ಮತ್ತು ರಾಜೋಳಿಗಳು ಅದರ ಬೆಲೆಯನ್ನು 2009ರ ಅಕ್ಟೋಬರಿನ ಮಹಾಪೂರದಲ್ಲಿ ತೆತ್ತವು.

ನದಿ ಊರು ಕಟ್ಟಲಿಲ್ಲವಾದ್ದರಿಂದ ಊರು ಕಟ್ಟಲು ಬೇರೆ ಯಾರಾದರೂ ಬರಬೇಕಾಯಿತು.

ಗದ್ವಾಲಕ್ಕೆ ಬಂದವನು ಸೋಮನಾದ್ರಿ. ನಲಸೋಮ ಭೂಪಾಲನೆಂದು ಹೇಳುವುದೂ ಉಂಟು. ಕೃಷ್ಣೆ ತುಂಗಭದ್ರೆಗಳ ನಡುವಿನ ಈ ತುಂಡು ನೆಲಕ್ಕೆ ಜನ ನಡಿಗಡ್ಡ ಎನ್ನುತ್ತಾರೆ. ರಾಯಚೂರು ದೋಆಬಿನ ಪೂರ್ವದ ತುದಿ ಇದು. ಬಹಮನಿಗಳೂ ವಿಜಯನಗರದವರೂ ಈ ದೋಆಬಿಗಾಗಿ ತಲೆಮಾರುಗಟ್ಟಲೆ ಕಾದಿದ್ದರು. ಔರಂಗಜೇಬನ ಕೊನೆಗಾಲದಲ್ಲಿ ದಖ್ಖನಿನ ಆಳ್ವಿಕೆ ಸಡಿಲಗೊಂಡು, ಹೈದರಾಬಾದಿನ ನಿಜಾಮರು ಇನ್ನೂ ತಳವೂರದಿದ್ದ ಸಂದಿನಲ್ಲಿ, 18ನೇ ಶತಮಾನದ ಮೊದಲ ವರ್ಷಗಳಲ್ಲಿ ಸೋಮನಾದ್ರಿ ಪೂಡೂರನ್ನು ಬಿಟ್ಟು ಗದ್ವಾಲದಲ್ಲಿ ಮಣ್ಣಿನ ಕೋಟೆ ಎಬ್ಬಿಸಿದ. ಒಳಗೆ ಚೆನ್ನಕೇಶವನನ್ನು ಕೂರಿಸಿದ. ಕರ್ನೂಲಿನ ನವಾಬನ ಜೊತೆ ಅವನು ನಡೆಸಿದ ಯುದ್ಧದ ಕಥೆಗಳನ್ನು ನಡಿಗಡ್ಡದಲ್ಲಿ ಇವತ್ತಿಗೂ ರಸವತ್ತಾಗಿ ಹೇಳುತ್ತಾರೆ. ಕೋಟೆ ಎದ್ದ ಮೇಲೆ ಅದರ ಸುತ್ತ ಕುದುರೆಯವರು, ಲೆಕ್ಕದವರು, ಅಕ್ಕಸಾಲಿಗರು, ನೇಕಾರರು, ಶಾಸ್ತ್ರಿಗಳು ಬಂದು ನೆಲೆಸಿದರು. ಕೋಟೆ ಮೊದಲು, ಊರು ಆಮೇಲೆ.

ಅರಸನೊಬ್ಬನ ಇಚ್ಛೆಯಿಂದ ಹುಟ್ಟಿದ ಊರಿಗೆ ಆಯುಷ್ಯ ಕಡಿಮೆ. ಈಜಿಪ್ಟಿನಲ್ಲೇ ಇದಕ್ಕೆ ದೊಡ್ಡ ಉದಾಹರಣೆ ಇದೆ. ಕ್ರಿ.ಪೂ. 14ನೇ ಶತಮಾನದಲ್ಲಿ ಫೇರೋ ಅಖೆನಾತೆನ್ ಹಳೆಯ ದೇವರುಗಳನ್ನೂ ಹಳೆಯ ರಾಜಧಾನಿ ಥೀಬ್ಸನ್ನೂ ತೊರೆದು ಅಮರ್ನಾ ಎಂದು ಈಗ ಕರೆಯುವ ಬಯಲಲ್ಲಿ ಹೊಸ ನಗರ ಕಟ್ಟಿದ. ಅವನು ಸತ್ತು ಕೆಲವೇ ವರ್ಷಗಳಲ್ಲಿ ಆಸ್ಥಾನ ಅಲ್ಲಿಂದ ಎದ್ದು ಹೋಯಿತು. ಜನರೂ ಹೋದರು. ಒಂದು ತಲೆಮಾರಿನ ಊರು ಅದು.

ಗದ್ವಾಲಕ್ಕೆ ಆ ಗತಿ ಬರಲಿಲ್ಲ. ಬರಬಹುದಿತ್ತು. ನಿಜಾಮನಿಗೆ ಕಪ್ಪ ಕೊಡುವ ಸಂಸ್ಥಾನಗಳಲ್ಲಿ ಗದ್ವಾಲ ದೊಡ್ಡದು. 20ನೇ ಶತಮಾನದ ಆರಂಭದಲ್ಲಿ ಅದರ ಕೈಕೆಳಗೆ 214 ಹಳ್ಳಿಗಳಿದ್ದವು, ವಿಸ್ತಾರ 864 ಚದರ ಮೈಲಿ. ದೊರೆಗಳು ಪಂಡಿತರನ್ನು ಕರೆಸಿ ಸನ್ಮಾನಿಸುತ್ತಿದ್ದ ಕಾರಣ ತೆಲುಗು ಸಾಹಿತ್ಯದವರ ಬಾಯಲ್ಲಿ ಅದು ವಿದ್ವದ್ಗದ್ವಾಲ. ಕೊನೆಯ ಒಡತಿ ಮಹಾರಾಣಿ ಆದಿಲಕ್ಷ್ಮಿ ದೇವಮ್ಮ. 1948ರ ಸೆಪ್ಟೆಂಬರಿನಲ್ಲಿ ಭಾರತದ ಸೇನೆ ಹೈದರಾಬಾದಿಗೆ ನುಗ್ಗಿತು, ಮರುವರ್ಷ ಜಾಗೀರುಗಳೂ ಸಂಸ್ಥಾನಗಳೂ ರದ್ದಾದವು. ಅರಮನೆಯ ಸಂಬಳ ನಂಬಿದ್ದ ಒಂದು ಇಡೀ ಊರಿನ ಕೈ ಕಟ್ಟಿಹಾಕಿದಂತಾಯಿತು. ಕೋಟೆಯೊಳಗೆ ಈಗ ಸರ್ಕಾರಿ ಪದವಿ ಕಾಲೇಜು ಇದೆ, ಮಹಾರಾಣಿಯ ಹೆಸರಿನದೇ. ದರ್ಬಾರು ನಡೆದ ಕಡೆ ಹಳ್ಳಿ ಹುಡುಗರು ಬಿ.ಎ. ಓದುತ್ತಾರೆ. ಕೋಟೆಗಳಿಗೆ ಇದಕ್ಕಿಂತ ಒಳ್ಳೆಯ ಬಳಕೆ ನನಗೆ ತೋಚುವುದಿಲ್ಲ.

ಊರನ್ನು ಉಳಿಸಿದ್ದು ಮಗ್ಗ. ಗದ್ವಾಲ ಸೀರೆಯ ಒಡಲು ಹತ್ತಿ, ಅಂಚು ಮತ್ತು ಸೆರಗು ರೇಷ್ಮೆ. ಹೇಳುವುದು ಸುಲಭ, ನೇಯುವುದು ಕಷ್ಟ. ಹತ್ತಿಯೂ ರೇಷ್ಮೆಯೂ ಒಂದೇ ಹದಕ್ಕೆ ಎಳೆಯುವ ನೂಲುಗಳಲ್ಲ. ಅಂಚು ಬೇರೆ, ಒಡಲು ಬೇರೆಯಾಗಿ ಹೊಕ್ಕು ಹಾಕುತ್ತ, ಎರಡೂ ಸೇರುವ ಕಡೆ ಎಳೆಗೆ ಎಳೆಯನ್ನು ಕೊಂಡಿಯಂತೆ ಕೂಡಿಸಬೇಕು. ಅದಕ್ಕೆ ಒಂದಕ್ಕಿಂತ ಹೆಚ್ಚು ಲಾಳಿ, ಹಲವು ಕಡೆ ಒಬ್ಬರಿಗಿಂತ ಹೆಚ್ಚು ಜನ ಬೇಕು. ಅರಮನೆಯವರು ನೇಕಾರರನ್ನು ಬನಾರಸಿಗೆ ಕಳಿಸಿ ಜರಿ ಕೆಲಸ ಕಲಿಸಿದರೆಂದು ಗದ್ವಾಲದಲ್ಲಿ ಹೇಳುತ್ತಾರೆ. ಹಾಗೆ ಕಳಿಸಿದ್ದರೆ ಅದು ಕೋಟೆಗಿಂತ ಗಟ್ಟಿಯಾದ ಕಟ್ಟಡ. ತಿರುಮಲದ ವೆಂಕಟೇಶ್ವರನಿಗೆ ಬ್ರಹ್ಮೋತ್ಸವಕ್ಕೆ ಗದ್ವಾಲದಿಂದ ಜೋಡು ಪಂಚೆ ಹೋಗುವ ಪದ್ಧತಿ ಸಂಸ್ಥಾನದ ಕಾಲದ್ದು, ಮಡಿಯಲ್ಲಿ ನೇಯುವಂಥದ್ದು. ಸಂಸ್ಥಾನ ಹೋಗಿ ಮುಕ್ಕಾಲು ಶತಮಾನವಾದರೂ ಪಂಚೆ ಹೋಗುವುದು ನಿಂತಿಲ್ಲ. ಗದ್ವಾಲದ ಜೊತೆಗೆ ಐಜ, ರಾಜೋಳಿ, ಗಟ್ಟುಗಳಲ್ಲೂ ಮಗ್ಗಗಳು ಆಡಿದವು. ಅರಸನಿಗಾಗಿ ಹುಟ್ಟಿದ ಕಸುಬು ಅರಸನಿಲ್ಲದೆ ಬದುಕುವುದನ್ನು ಕಲಿತಿತ್ತು.

ನಾರಾಯಣಪೇಟೆಯ ಕಥೆ ಬೇರೆ. ಅಲ್ಲಿ ಅರಸನನ್ನು ಹುಡುಕಿದರೆ ಲೋಕಾಪಲ್ಲಿ ಸಂಸ್ಥಾನದವರು ಸಿಗುತ್ತಾರೆ. ಆದರೆ ಊರಿನವರು ಹೇಳುವ ಕಥೆಯಲ್ಲಿ ಬರುವವನು ಶಿವಾಜಿ. ಶಿವಾಜಿಯ ದಂಡು ಇಲ್ಲಿ ಬೀಡುಬಿಟ್ಟಿತ್ತಂತೆ. ದಂಡು ಎದ್ದು ಹೋದಾಗ ಜೊತೆಗಿದ್ದ ನೇಕಾರರಲ್ಲಿ ಕೆಲವರು ಇಲ್ಲೇ ಉಳಿದರಂತೆ. ಸೀರೆ ಮಾರುವವರು ಈ ಕಥೆಗೆ 1630 ಎಂದು ಇಸವಿಯನ್ನೂ ಅಂಟಿಸುತ್ತಾರೆ. 1630 ಶಿವಾಜಿ ಹುಟ್ಟಿದ ವರ್ಷ! ತೊಟ್ಟಿಲಲ್ಲಿದ್ದ ಕೂಸು ದಂಡು ಕಟ್ಟಿಕೊಂಡು ಬಂದಿರಲಾರದು. ಶಿವಾಜಿ ಈ ದಿಕ್ಕಿಗೆ ಬಂದದ್ದು 1677ರಲ್ಲಿ. ಗೋಲ್ಕೊಂಡದ ಕುತುಬಶಾಹನನ್ನು ಕಂಡು, ಕೃಷ್ಣೆ ದಾಟಿ, ಶ್ರೀಶೈಲದ ದರ್ಶನ ಮಾಡಿಕೊಂಡು ತಮಿಳು ಸೀಮೆಗೆ ಇಳಿದ ದಂಡಯಾತ್ರೆ ಅದು. ಕಥೆಯಲ್ಲಿ ನಿಜವೇನಾದರೂ ಇದ್ದರೆ ಆ ವರ್ಷದ ಸುತ್ತ ಇರಬೇಕು.

ದಂಡು ಬಿಟ್ಟುಹೋದ ಜಾಗ ಪೇಟೆಯಾಗುವುದು ಅಸಾಧ್ಯವೇನಲ್ಲ. ಕ್ರಿ.ಶ. 641ರಲ್ಲಿ ಅರಬ್ಬರು ಈಜಿಪ್ಟನ್ನು ಗೆದ್ದಾಗ ನೈಲ್ ದಂಡೆಯಲ್ಲಿ ಹಾಕಿದ ಸೇನಾ ಬಿಡಾರವೇ ಬೆಳೆದು ಫುಸ್ತಾತ್ ಎಂಬ ವ್ಯಾಪಾರದ ನಗರವಾಯಿತು. 969ರಲ್ಲಿ ಅದರ ಪಕ್ಕದಲ್ಲಿ ಫಾತಿಮಿಗಳು ಕಟ್ಟಿದ ಕೈರೊ ಕಡೆಗೆ ಅದನ್ನು ನುಂಗಿತು. ಆದರೆ ಬಿಡಾರ ನಗರವಾಗಲು ಸೈನಿಕ ಸಾಲದು, ಸೈನಿಕನಿಗೆ ಮಾರುವವನು ಅಲ್ಲೇ ನಿಲ್ಲಬೇಕು. ನಾರಾಯಣಪೇಟೆಯಲ್ಲಿ ನಿಂತವರಲ್ಲಿ ಮರಾಠಿ ಬೇರಿನ ಸ್ವಕುಳ ಸಾಳಿಗಳೂ ತೆಲುಗಿನ ಪದ್ಮಸಾಳಿಗಳೂ ಇದ್ದರು. ಸುತ್ತಲಿನ ಹಳ್ಳಿಗಳ ಮಾತು ಕನ್ನಡ ಮತ್ತು ತೆಲುಗು, ಕಚೇರಿಯದು ಉರ್ದು. ಒಂದೇ ಓಣಿಯಲ್ಲಿ ನಾಲ್ಕು ನುಡಿ ತಿಳಿಯದವನು ವ್ಯಾಪಾರಕ್ಕೆ ಕೂರುವಂತಿರಲಿಲ್ಲ.

ನಾರಾಯಣಪೇಟೆಯ ನೇಕಾರರ ಜಾಣತನ ಇರುವುದು ಲೆಕ್ಕದಲ್ಲಿ. ಒಮ್ಮೆ ಮಗ್ಗಕ್ಕೆ ಏರಿಸಿದ ಹಾಸಿನಲ್ಲಿ ಎಂಟು ಸೀರೆ ಇಳಿಯುತ್ತವೆ. ಪ್ರತಿ ಸೀರೆಗೂ ಹೊಸದಾಗಿ ಹಾಸು ಹೂಡುವ ದಂಡ ತಪ್ಪುತ್ತದೆ, ಸೀರೆ ಅಗ್ಗವಾಗುತ್ತದೆ. ಚೌಕುಳಿ ಒಡಲು, ಗುಡಿಗೋಪುರದ ಸಾಲಿನ ಅಂಚು, ದಿನನಿತ್ಯ ಉಟ್ಟರೂ ಬಣ್ಣ ಬಿಡದ ಬಾಳಿಕೆ. ಗದ್ವಾಲ ಸೀರೆ ಮದುವೆಗೆ, ನಾರಾಯಣಪೇಟೆ ಸೀರೆ ಮದುವೆಯಾದ ಮೇಲಿನ ದಿನಗಳಿಗೆ ಎಂದರೆ ನೇಕಾರರು ಸಿಟ್ಟಾಗಬಹುದು, ಗಿರಾಕಿಗಳು ಒಪ್ಪುತ್ತಾರೆ. ಆ ಗಿರಾಕಿಗಳಲ್ಲಿ ಹೆಚ್ಚಿನವರು ಮಹಾರಾಷ್ಟ್ರದವರು. ಪುಣೆಯ ಹೆಂಗಸರು ನಾರಾಯಣಪೇಠ ಎಂದರೆ ತಮ್ಮ ನಾಡಿನದೇ ಸೀರೆ ಎಂದುಕೊಳ್ಳುವಷ್ಟು ಅದು ಅಲ್ಲಿಯ ಬೀರುಗಳಲ್ಲಿ ನೆಲೆಸಿಬಿಟ್ಟಿದೆ.

ಈ ಮಾರುಕಟ್ಟೆಯ ಬಲ ಜನಗಣತಿಯಲ್ಲಿ ಕಾಣುತ್ತದೆ. 1890ರಲ್ಲಿ ಆರನೆಯ ನಿಜಾಮ ಮೀರ್ ಮಹಬೂಬ್ ಅಲಿ ಖಾನನ ಹೆಸರು ಹೊತ್ತು ಪಾಲಮೂರು ಮಹಬೂಬನಗರವಾಯಿತು. ಅದು ಜಿಲ್ಲೆಯ ಕೇಂದ್ರ. ಕಚೇರಿ, ಪೊಲೀಸು, ಸೆರೆಮನೆ ಎಲ್ಲ ಅಲ್ಲಿ. 1901ರಲ್ಲಿ ಅಲ್ಲಿ ಸುಮಾರು 7,600 ಜನರಿದ್ದರು. ಗದ್ವಾಲದಲ್ಲಿ 10,000ಕ್ಕೂ ಸ್ವಲ್ಪ ಹೆಚ್ಚು. ನಾರಾಯಣಪೇಟೆಯಲ್ಲಿ 12,000. ಯಾವ ದೊಡ್ಡ ಅಧಿಕಾರಿಯೂ ಇಲ್ಲದ ನೇಕಾರರ ಪೇಟೆ ತನ್ನ ಜಿಲ್ಲಾಕೇಂದ್ರಕ್ಕಿಂತ ಒಂದೂವರೆ ಪಟ್ಟು ದೊಡ್ಡದಿತ್ತು.

ಕೈಕಸುಬಿನವರ ಊರು ಎಂದಾಗ ಥೀಬ್ಸಿನ ಎದುರುದಂಡೆಯ ದೈರ್ ಅಲ್ ಮದೀನಾ ನೆನಪಿಗೆ ಬರುತ್ತದೆ. ರಾಜರ ಗೋರಿಗಳನ್ನು ಕೊರೆದು ಚಿತ್ರ ಬಿಡಿಸುವ ಕುಶಲಕರ್ಮಿಗಳಿಗಾಗಿ ಸರ್ಕಾರವೇ ಕಟ್ಟಿಕೊಟ್ಟ ಹಳ್ಳಿ. ಅದೂ ನೈಲಿನಿಂದ ದೂರ ಮರಳುಗುಡ್ಡದ ನಡುವೆ ಇತ್ತು, ಕುಡಿಯುವ ನೀರನ್ನು ಹೊತ್ತು ತಂದುಕೊಡಲು ಬೇರೆ ಆಳುಗಳಿದ್ದರು. ಸಂಬಳವೆಂದರೆ ಉಗ್ರಾಣದ ಧಾನ್ಯ. ಮೂರನೆಯ ರಾಮ್ಸೆಸನ ಆಳ್ವಿಕೆಯ 29ನೇ ವರ್ಷದಲ್ಲಿ ಧಾನ್ಯ ಸಕಾಲಕ್ಕೆ ಬರದಿದ್ದಾಗ ಕೆಲಸಗಾರರು ಉಪಕರಣ ಕೆಳಗಿಟ್ಟು ದೇವಾಲಯದ ಬಳಿ ಹೋಗಿ ಕೂತರು. ದಾಖಲೆಯಲ್ಲಿ ಸಿಗುವ ಮೊಟ್ಟಮೊದಲ ಮುಷ್ಕರ ಅದು. ಗೋರಿ ತೋಡಿಸುವ ರಾಜರು ಇಲ್ಲವಾದಾಗ ಆ ಹಳ್ಳಿಯೂ ಬರಿದಾಯಿತು. ಒಬ್ಬನೇ ಗಿರಾಕಿ ಇದ್ದ ಕಸುಬು, ಅವನೊಂದಿಗೇ ಮುಗಿಯಿತು. ನಾರಾಯಣಪೇಟೆಯ ಗಿರಾಕಿ ಸೊಲ್ಲಾಪುರದಲ್ಲಿದ್ದ, ಪುಣೆಯಲ್ಲಿದ್ದ, ಕಲಬುರ್ಗಿಯಲ್ಲಿದ್ದ. ನೂರು ಮನೆಯಲ್ಲಿ ಹತ್ತು ಮನೆ ಕೊಳ್ಳದಿದ್ದರೂ ಮಗ್ಗ ನಿಲ್ಲುತ್ತಿರಲಿಲ್ಲ. ಇದರರ್ಥ ನೇಕಾರ ಸುಖವಾಗಿದ್ದ ಎಂದಲ್ಲ. ನೂಲು ಕೊಟ್ಟು ಸೀರೆ ಕೊಳ್ಳುವ ಸಾಹುಕಾರನ ಲೆಕ್ಕಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಯಾವಾಗಲೂ ಸಾಲವಿತ್ತು. ಬೆಳೆದದ್ದು ಪೇಟೆ.

ರೈಲು ಬಂದಾಗ ಈ ಪೇಟೆಗೆ ದೊಡ್ಡ ಪೆಟ್ಟು ಬೀಳಬೇಕಿತ್ತು. ಮುಂಬಯಿಯಿಂದ ಇಳಿದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆಯೂ ಮದ್ರಾಸಿನಿಂದ ಏರಿದ ಮದ್ರಾಸ್ ರೈಲ್ವೆಯೂ 1871ರಲ್ಲಿ ರಾಯಚೂರಿನಲ್ಲಿ ಕೂಡಿದವು. ಕೃಷ್ಣೆಗೆ ಸೇತುವೆ ಬಿತ್ತು, ಅದರ ಬಡಗಣ ತುದಿಗೆ ಕೃಷ್ಣಾ ಎಂಬ ನಿಲ್ದಾಣ ಬಂತು. ಹಳಿ ನಾರಾಯಣಪೇಟೆಯನ್ನು ಮುಟ್ಟದೆ ಪಡುವಲಿಗೆ ಸೈದಾಪುರದ ಮೇಲೆ ಹೋಯಿತು. ಆದರೂ ಅಲ್ಲಿನ ನಿಲ್ದಾಣಕ್ಕೆ ನಾರಾಯಣಪೇಟೆ ರೋಡ್ ಎಂದು ಹೆಸರಿಟ್ಟರು, ಗಂಟುಗಳು ಅಲ್ಲಿಗೆ ಬರುತ್ತವೆಂದು ಕಂಪನಿಗೆ ಗೊತ್ತಿತ್ತು. ಎತ್ತಿನ ಗಾಡಿಯಲ್ಲಿ ಸೈದಾಪುರದವರೆಗೆ, ಅಲ್ಲಿಂದ ರೈಲಿನಲ್ಲಿ ಸೊಲ್ಲಾಪುರ, ಪುಣೆ, ಮುಂಬಯಿ. ಮುಂದೆ ರಾಜ್ಯಗಳ ಗಡಿ ಎಳೆದಾಗ ಊರು ಒಂದು ರಾಜ್ಯಕ್ಕೆ, ಊರಿನ ಹೆಸರಿನ ನಿಲ್ದಾಣ ಇನ್ನೊಂದು ರಾಜ್ಯಕ್ಕೆ ಹೋದವು. ಹಲವು ದಶಕ ಕರ್ನಾಟಕದ ನೆಲದಲ್ಲಿ ನಾರಾಯಣಪೇಟೆಯ ಬೋರ್ಡು ನಿಂತಿತ್ತು.

ಮಕ್ತಲದ ಬಗ್ಗೆ ಹೇಳುವುದು ಕಡಿಮೆ. ಅದು ಕಚೇರಿಯ ಊರು. 1860ರ ದಶಕದಲ್ಲಿ ನಿಜಾಮನ ದಿವಾನ ಸಾಲಾರ್ ಜಂಗ್ ಜಿಲ್ಲೆ ತಾಲ್ಲೂಕುಗಳ ಹೊಸ ಏರ್ಪಾಡು ಮಾಡಿದ ಮೇಲೆ ತಹಶೀಲ್ದಾರ, ಕಂದಾಯ, ಫಿರ್ಯಾದಿಗಳ ಜೊತೆ ಅದು ಬೆಳೆಯಿತು. 20ನೇ ಶತಮಾನದ ಆರಂಭದಲ್ಲಿ ತನಗಿಂತ ದೊಡ್ಡದಾದ ನಾರಾಯಣಪೇಟೆಯೂ ಮಕ್ತಲ ತಾಲ್ಲೂಕಿನ ಒಳಗೇ ಇತ್ತು. ಪಡಮಟಿ ಆಂಜನೇಯನ ಜಾತ್ರೆ ಮತ್ತು ಹೈದರಾಬಾದಿನಿಂದ ರಾಯಚೂರಿಗೆ ಹೋಗುವ ದಾರಿ, ಇವೆರಡೂ ಅದಕ್ಕೆ ಸಂತೆ ಕೊಟ್ಟವು. ಅದೇ ದಾರಿ ನಿಜಾಮರ ಕಾಲದ ಹಳೆ ಸೇತುವೆಯಲ್ಲಿ ಕೃಷ್ಣೆ ದಾಟಿ ದೇವಸುಗೂರಿನ ಕಡೆ ಇಳಿಯುವಲ್ಲಿ, 1980ರ ದಶಕದಲ್ಲಿ, ಈ ಭಾಗದಲ್ಲಿ ಕೃಷ್ಣೆಯ ದಂಡೆಯ ಮೊದಲ ಪಟ್ಟಣ ಹುಟ್ಟಿತು. ಶಕ್ತಿನಗರ. ಅದನ್ನು ಕಟ್ಟಿದ್ದು ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರ; 1985ರಲ್ಲಿ ಅದರ ಮೊದಲ ಘಟಕ ತಿರುಗಿತು. ಬಾಯ್ಲರುಗಳಿಗೆ ನೀರು ಬೇಕಿತ್ತು. ಮನುಷ್ಯರಿಗೆ ಬೇಡವಾಗಿದ್ದ ದಂಡೆ ಯಂತ್ರಕ್ಕೆ ಬೇಕಾಯಿತು.

1956ರ ನವೆಂಬರ್ 1 ಈ ಊರುಗಳ ಮುಖ ತಿರುಗಿಸಿದ ದಿನ. ಹೈದರಾಬಾದ್ ರಾಜ್ಯ ಮೂರು ಹೋಳಾಯಿತು. ರಾಯಚೂರು ಜಿಲ್ಲೆ ಮೈಸೂರಿಗೆ ಹೋಯಿತು, ಆದರೆ ಅದರ ಗದ್ವಾಲ, ಆಲಂಪುರ ತಾಲ್ಲೂಕುಗಳನ್ನು ಬಿಡಿಸಿ ಮಹಬೂಬನಗರಕ್ಕೆ ಸೇರಿಸಿ ಆಂಧ್ರಪ್ರದೇಶದಲ್ಲಿ ಇಟ್ಟರು. ಕಲಬುರ್ಗಿಯಿಂದ ಕೊಡಂಗಲ್ಲೂ ಹಾಗೇ ಬಂತು. ಮಕ್ತಲ, ನಾರಾಯಣಪೇಟೆಗಳು ಮೊದಲೇ ಮಹಬೂಬನಗರದಲ್ಲಿದ್ದವು, ತಮ್ಮ ಕನ್ನಡದೊಂದಿಗೇ ಆಂಧ್ರಕ್ಕೆ ಹೋದವು. ಭಾಷೆಯ ಲೆಕ್ಕದಲ್ಲಿ ಗದ್ವಾಲ ತೆಲುಗಿಗೆ ಹೋದದ್ದರಲ್ಲಿ ತಪ್ಪಿಲ್ಲ. ಪೇಟೆಯ ಲೆಕ್ಕ ಯಾರೂ ಹಾಕಲಿಲ್ಲ. ಗದ್ವಾಲದ ಶೇಂಗಾ ಹತ್ತಿ ಹೋಗುತ್ತಿದ್ದದ್ದು ರಾಯಚೂರಿನ ಗಂಜಿಗೆ, ಕೃಷ್ಣಾ, ಮಾಗನೂರುಗಳ ಕಡೆಯ ರೋಗಿ ಹೋಗುತ್ತಿದ್ದದ್ದು ರಾಯಚೂರಿನ ಆಸ್ಪತ್ರೆಗೆ. ಕಚೇರಿ ಮೂಡಲಿಗೆ ಸರಿಯಿತು, ಸಂತೆ ಪಡುವಲಲ್ಲೇ ಉಳಿಯಿತು. ಅರ್ಜಿಗೆ ಹೈದರಾಬಾದ್, ಕೊಳ್ಳುವುದಕ್ಕೂ ಕೊಡುವುದಕ್ಕೂ ಬೀಗರಿಗೂ ರಾಯಚೂರು. ಕೃಷ್ಣಾ ಮಂಡಲದ ಗುಡೇಬಲ್ಲೂರಿನಂಥ ಹಳ್ಳಿಗಳಲ್ಲಿ ಮನೆಮಾತು ಕನ್ನಡ. ಅಲ್ಲಿ ಕನ್ನಡ ಮಾಧ್ಯಮದ ಶಾಲೆಗಳು ತೆಲಂಗಾಣ ಸರ್ಕಾರದ ಲೆಕ್ಕದಲ್ಲೇ ನಡೆದುಬಂದಿವೆ.

ಇನ್ನು ನಾರ್ವ. ಕೋಟೆಯಿಲ್ಲ, ಹೆಸರಾದ ಮಗ್ಗವಿಲ್ಲ, ತಾಲ್ಲೂಕು ಕಚೇರಿ ಇರಲಿಲ್ಲ, ಹಳಿಯೂ ಇಲ್ಲ. ಒಂದು ಕಡೆ ಮಕ್ತಲ, ಇನ್ನೊಂದು ಕಡೆ ಹಳೆಯ ಅಮರಚಿಂತ ಸಂಸ್ಥಾನದ ಆತ್ಮಕೂರು, ನಡುವೆ ಇದು. ಎನ್.ಟಿ. ರಾಮರಾವ್ ಸರ್ಕಾರ 1985ರಲ್ಲಿ ತಾಲ್ಲೂಕುಗಳನ್ನು ಒಡೆದು ಮಂಡಲಗಳನ್ನು ಮಾಡಿದಾಗ ಇಂಥ ನೂರಾರು ಹಳ್ಳಿಗಳಿಗೆ ಮೊದಲ ಸಲ ಒಂದು ಸರ್ಕಾರಿ ಕಚೇರಿ, ಅದರ ಎದುರಿಗೆ ಒಂದು ಚಹಾದಂಗಡಿ, ಜೆರಾಕ್ಸ್ ಅಂಗಡಿ ಬಂದವು. ಈ ಕಾಲದ ಊರು ಬೆಳೆಯುವುದು ಬಹುಪಾಲು ಹೀಗೇ.

ನಾರ್ವದ ಸೀಮೆ ಊರು ಕಟ್ಟಲಿಲ್ಲ ಎಂದರೆ ಅರ್ಧ ಸುಳ್ಳು. ಕಟ್ಟಿತು, ಬೇರೆಯವರದನ್ನು. ಬರ ಬಿದ್ದ ವರ್ಷಗಳಲ್ಲಿ ಗುಂಪು ಮೇಸ್ತ್ರಿ ಹಳ್ಳಿಗೆ ಬಂದು ಮುಂಗಡ ಹಂಚಿ, ಗಂಡಹೆಂಡಿರನ್ನು ಲೆಕ್ಕ ಹಾಕಿ ಲಾರಿ ಹತ್ತಿಸುತ್ತಿದ್ದ. ದೇಶದಲ್ಲಿ ಎಲ್ಲೆಲ್ಲಿ ಅಣೆಕಟ್ಟು ಏಳುತ್ತಿತ್ತೋ, ಕಾಲುವೆ ತೋಡುತ್ತಿದ್ದರೋ ಅಲ್ಲೆಲ್ಲ ಪಾಲಮೂರು ಕೂಲಿ ಎಂಬ ಹೆಸರಿತ್ತು. ಆಮೇಲೆ ಮುಂಬಯಿ, ಪುಣೆ, ಹೈದರಾಬಾದ್, ಬೆಂಗಳೂರುಗಳ ಗಗನಚುಂಬಿಗಳು. ನಾಡಿನ ನೀರಾವರಿಗೆಲ್ಲ ಮಣ್ಣು ಹೊತ್ತವರ ಹೊಲಕ್ಕೆ ತಮ್ಮದೇ ಕೃಷ್ಣೆಯ ನೀರು ಬರಲು ಬಹಳ ಕಾಲ ಬೇಕಾಯಿತು. ಜುರಾಲ ಅಣೆಕಟ್ಟಿಗೆ 1981ರಲ್ಲಿ ಅಡಿಗಲ್ಲು ಬಿದ್ದು, ನೀರು ನಿಂತದ್ದು 90ರ ದಶಕದ ನಡುವಿನಲ್ಲಿ. ಹಿನ್ನೀರು ರಾಯಚೂರು ಜಿಲ್ಲೆಯ ಹೊಲಗಳನ್ನೂ ಮುಳುಗಿಸುವುದರಿಂದ ಎರಡು ಸರ್ಕಾರಗಳ ನಡುವೆ ಪರಿಹಾರದ ಮಾತು ಎಳೆದಾಡಿತು, ಪೂರ್ತಿ ಮಟ್ಟಕ್ಕೆ ತುಂಬಿಸುವುದು ಇನ್ನೂ ತಡವಾಯಿತು. ಈಗ ಅಲ್ಲಿ 234 ಮೆಗಾವಾಟ್ ವಿದ್ಯುತ್ ಕೇಂದ್ರವಿದೆ. ಕಾಲುವೆ ಹರಿದಲ್ಲೆಲ್ಲ ಜೋಳದ ಹೊಲ ಭತ್ತದ ಗದ್ದೆಯಾಗಿದೆ, ಅಕ್ಕಿ ಗಿರಣಿಗಳು ಎದ್ದಿವೆ.

ತೆಲಂಗಾಣ ರಾಜ್ಯವಾದ ಮೇಲೆ ಗಡಿಗಳು ಮತ್ತೆ ಸರಿದವು. 2016ರ ಅಕ್ಟೋಬರ್ 11ರಂದು ಗದ್ವಾಲ ಆಲಂಪುರದ ದೇವಿ ಜೋಗುಳಾಂಬೆಯ ಹೆಸರಿನ ಜಿಲ್ಲೆಯ ಕೇಂದ್ರವಾಯಿತು. ನಾರಾಯಣಪೇಟೆ ಇನ್ನೂ ಎರಡು ವರ್ಷಕ್ಕೂ ಹೆಚ್ಚು ಕಾಯಿತು. 2019ರ ಫೆಬ್ರವರಿ 17ರಂದು ಅದಕ್ಕೂ ಜಿಲ್ಲೆ ಸಿಕ್ಕಿತು, ಮಕ್ತಲವೂ ನಾರ್ವವೂ ಅದರೊಳಗೆ ಬಂದವು. 1901ರಲ್ಲಿ ಜಿಲ್ಲಾಕೇಂದ್ರಕ್ಕಿಂತ ದೊಡ್ಡದಾಗಿದ್ದ ಪೇಟೆಗೆ ಜಿಲ್ಲಾಧಿಕಾರಿ ಬರಲು 118 ವರ್ಷ. ಅಷ್ಟರಲ್ಲಿ ಗದ್ವಾಲ ಮುಂದೆ ಹೋಗಿತ್ತು: 2011ರ ಜನಗಣತಿಯಲ್ಲಿ ಗದ್ವಾಲ 60,000 ದಾಟಿದ್ದರೆ ನಾರಾಯಣಪೇಟೆ 40,000ದ ಆಸುಪಾಸಿನಲ್ಲಿತ್ತು. ಗದ್ವಾಲಕ್ಕೆ ಸಿಕಂದರಾಬಾದ್ ಕರ್ನೂಲು ಹಳಿ ಮೊದಲೇ ಇತ್ತು, 2013ರಲ್ಲಿ ರಾಯಚೂರಿನ ಕಡೆಗೂ ಹಳಿ ಸೇರಿ ಅದು ಜಂಕ್ಷನ್ ಆಯಿತು. 1956ರಲ್ಲಿ ಕಡಿದ ದಾರಿಯನ್ನು ರೈಲ್ವೆ ಹೊಲಿದು ಕೊಟ್ಟಿತೆನ್ನಬೇಕು. 2023ರ ಅಕ್ಟೋಬರ್ 1ರಂದು ಜಕ್ಲೇರಿನಿಂದ ಕೃಷ್ಣಾವರೆಗಿನ 37 ಕಿಲೋಮೀಟರ್ ಹೊಸ ಹಳಿಯೂ ಉದ್ಘಾಟನೆಯಾಗಿ, ಕಾಚಿಗುಡದಿಂದ ರಾಯಚೂರಿಗೆ ಹೋಗುವ ಗಾಡಿ ಮಕ್ತಲದಲ್ಲಿ ನಿಲ್ಲತೊಡಗಿತು.

ನಾರ್ವದ ಹೆಸರು ಅದೇ ವರ್ಷ ದೆಹಲಿಯ ಪಟ್ಟಿಯೊಂದರಲ್ಲಿ ಬಂತು. ಹಿಂದುಳಿದ 500 ಬ್ಲಾಕುಗಳನ್ನು ಮೇಲೆತ್ತುವ ಕೇಂದ್ರದ ಯೋಜನೆಯ ಪಟ್ಟಿ ಅದು. ಗದ್ವಾಲದ ಪಕ್ಕದ ಗಟ್ಟು ಕೂಡ ಅದರಲ್ಲಿದೆ, ರೇಷ್ಮೆ ಅಂಚಿನ ಸೀರೆ ನೇಯುವ ಗಟ್ಟು.